ಶಾಲೆಗೆ ಎಇಡಿ ತಗೊಳ್ಳೋಣ ಅಂತಿದ್ದೇವೆ. ಬೇಕಾ? ತಂದರೆ ಎಲ್ಲಿಡೋದು?

ಪಿಟಿ ಮೇಷ್ಟ್ರು, ತುಮಕೂರು ಕಡೆ

ಎಲ್ಲರಿಗೂ ನಮಸ್ಕಾರ. ನಾನು ಒಂದು ಅನುದಾನಿತ ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಕ. ನಮ್ಮಲ್ಲಿ 430 ಮಕ್ಕಳಿದ್ದಾರೆ. ಈ ಸಲ ಹಳೆ ವಿದ್ಯಾರ್ಥಿಗಳು ಸೇರಿ ಒಂದೂವರೆ ಲಕ್ಷ ಕೂಡಿಸಿದ್ದಾರೆ. "ಏನು ಬೇಕೋ ಹೇಳಿ ಸಾರ್, ತಂದುಕೊಡ್ತೀವಿ" ಅಂದರು. ನಾನು ಎಇಡಿ ಅಂದೆ. ತಾಳ ತಪ್ಪಿದ ಹೃದಯಕ್ಕೆ ಕರೆಂಟ್ ಶಾಕ್ ಕೊಟ್ಟು ದಾರಿಗೆ ತರುವ ಪೆಟ್ಟಿಗೆ ಅಂತ ವಿವರಿಸಿದೆ. ಸಭೆಯಲ್ಲಿ ಅರ್ಧ ಜನ ಅದರ ಹೆಸರೇ ಕೇಳಿರಲಿಲ್ಲ. ಕೇಳಿದ್ದವರು "ಮಕ್ಕಳಿಗೆಲ್ಲಿ ಹಾರ್ಟ್ ಅಟ್ಯಾಕ್ ಆಗುತ್ತೆ, ಸ್ಮಾರ್ಟ್ ಬೋರ್ಡ್ ಹಾಕಿಸೋಣ" ಅಂದರು.

ನಾನ್ಯಾಕೆ ಅದನ್ನೇ ಕೇಳಿದೆ ಅಂತ ಸಭೆಯಲ್ಲಿ ಹೇಳೋಕೆ ಆಗಲಿಲ್ಲ. ಇಲ್ಲಿ ಹೇಳ್ತೀನಿ.

ಸುಮಾರು ಹತ್ತು ವರ್ಷದ ಹಿಂದಿನ ಮಾತು. ಹೋಬಳಿ ಮಟ್ಟದ ಕ್ರೀಡಾಕೂಟ. 800 ಮೀಟರ್ ಓಟ ನಡೀತಿತ್ತು. ನಾನು ಗೆರೆಯ ಹತ್ತಿರ ಸ್ಟಾಪ್‌ವಾಚ್ ಹಿಡಿದು ನಿಂತಿದ್ದೆ. ಬೇರೆ ಶಾಲೆಯ ಒಂಬತ್ತನೇ ಕ್ಲಾಸಿನ ಹುಡುಗ, ಎರಡನೆಯವನಾಗಿ ಬರ್ತಿದ್ದ. ಕೊನೆಯ ತಿರುವಿನಲ್ಲಿ ಬಿದ್ದ. ಎಡವಿದ ಅಂತಲೇ ಎಲ್ಲರೂ ಅಂದುಕೊಂಡೆವು. ಎಡವಿದವನು ಕೈ ಊರ್ತಾನೆ. ಇವನು ಕೈ ಊರಲಿಲ್ಲ, ಮುಖ ಕೆಳಗಾಗಿ ಬಿದ್ದ. ಅದು ನನಗೆ ಹೊಳೆದದ್ದು ತುಂಬಾ ದಿನ ಆದಮೇಲೆ.

ಹತ್ತಿರ ಹೋದಾಗ ಕಣ್ಣು ತೆರೆದೇ ಇತ್ತು. ಕೈಕಾಲು ಸಣ್ಣಗೆ ಅದುರ್ತಿತ್ತು. ಯಾರೋ "ಫಿಟ್ಸು, ಕಬ್ಬಿಣ ಕೊಡಿ" ಅಂದರು. ನನ್ನ ಜೇಬಿನಲ್ಲಿದ್ದ ಬೈಕಿನ ಕೀಲಿಗೊಂಚಲು ತೆಗೆದು ಅವನ ಅಂಗೈಯಲ್ಲಿಟ್ಟು, ಬೆರಳು ಮಡಚಿ ಹಿಡಿದುಕೊಂಡು ಕೂತೆ. ಇನ್ನೊಬ್ಬರು ಮುಖಕ್ಕೆ ನೀರು ಹಾಕಿದರು. ಆಗಾಗ ಬಾಯಿ ತೆರೆದು ಒಂದು ದೊಡ್ಡ ಉಸಿರು ಎಳೀತಿದ್ದ, ನೀರಿನಿಂದ ಹೊರಗೆ ಬಿದ್ದ ಮೀನಿನ ಹಾಗೆ. ಆಮೇಲೆ ಏನೂ ಇಲ್ಲ. ಮತ್ತೆ ಒಂದು. "ಉಸಿರಾಡ್ತಿದ್ದಾನೆ, ಗಾಬರಿ ಬೇಡ" ಅಂತ ಸುತ್ತ ನಿಂತವರಿಗೆ ನಾನೇ ಹೇಳಿದೆ. ಹೀಗೇ ಆರೇಳು ನಿಮಿಷ ಹೋಯಿತು. ಆಮೇಲೆ ಒಂದು ಓಮ್ನಿಯಲ್ಲಿ ಮಲಗಿಸಿಕೊಂಡು 12 ಕಿಲೋಮೀಟರ್ ಹೋದೆವು. ಹುಡುಗ ಉಳಿಯಲಿಲ್ಲ. ಆಸ್ಪತ್ರೆಯಲ್ಲಿ ನರ್ಸಮ್ಮ ಅವನ ಕೈಯಿಂದ ಕೀಲಿ ಬಿಡಿಸಿ ನನಗೆ ವಾಪಸ್ ಕೊಟ್ಟರು.

ಅದಕ್ಕೇ ಕೇಳ್ತಿದ್ದೀನಿ. ಇದು ನಿಜಕ್ಕೂ ಕೆಲಸ ಮಾಡುತ್ತಾ? ನಮ್ಮಂಥ ಶಾಲೆಗೆ ಸರಿಯಾ? ಎಂಥದ್ದು ತರಬೇಕು, ಎಲ್ಲಿಡಬೇಕು? ಅನುಭವ ಇದ್ದವರು ದಯವಿಟ್ಟು ಬಿಡಿಸಿ ಬರೀರಿ.

ಎಮರ್ಜೆನ್ಸಿ ಸಿಸ್ಟರ್, ಮೈಸೂರು

ಮೇಷ್ಟ್ರೇ, ಮೊದಲು ಒಂದು ಮಾತು. ಆ ಹೊತ್ತಿನಲ್ಲಿ ನಿಮಗೆ ಗೊತ್ತಿದ್ದನ್ನು ನೀವು ಮಾಡಿದ್ದೀರಿ. ಯಾರೂ ನಿಮಗೆ ಬೇರೆ ಏನೂ ಕಲಿಸಿರಲಿಲ್ಲ. ಇಪ್ಪತ್ತೆರಡು ವರ್ಷದಿಂದ ಎಮರ್ಜೆನ್ಸಿಯಲ್ಲಿದ್ದೀನಿ. ಕೈಯಲ್ಲಿ ಕೀಲಿ, ಕತ್ತರಿ, ಕುಡುಗೋಲು ಹಿಡಿಸಿಕೊಂಡು ಬಂದವರನ್ನು ಲೆಕ್ಕ ಇಲ್ಲದಷ್ಟು ನೋಡಿದ್ದೀನಿ. ಮೂರ್ಛೆರೋಗಕ್ಕೂ ಅದರಿಂದ ಏನೂ ಉಪಯೋಗ ಇಲ್ಲ.

ನಿಮ್ಮ ಸಭೆಯವರು ಹೇಳಿದ ಹಾರ್ಟ್ ಅಟ್ಯಾಕ್ ಬೇರೆ, ಇದು ಬೇರೆ. ಅಟ್ಯಾಕ್ ಅಂದರೆ ಪೈಪು ಕಟ್ಟಿಕೊಂಡ ಹಾಗೆ. ರಕ್ತನಾಳ ಮುಚ್ಚಿಕೊಳ್ಳುತ್ತೆ, ಎದೆ ನೋಯುತ್ತೆ, ಬಹಳ ಸಲ ಮನುಷ್ಯ ಮಾತಾಡ್ತಲೇ ಇರ್ತಾನೆ. ಇದು ಕಾರ್ಡಿಯಾಕ್ ಅರೆಸ್ಟ್, ವೈರಿಂಗ್ ಕೆಟ್ಟ ಹಾಗೆ. ಹೃದಯ ಬಡಿಯೋದನ್ನು ಬಿಟ್ಟು ಸುಮ್ನೆ ನಡುಗ್ತಾ ಇರುತ್ತೆ. ರಕ್ತ ಮುಂದಕ್ಕೆ ಹೋಗಲ್ಲ. ಕೆಲವೇ ಕ್ಷಣದಲ್ಲಿ ಪ್ರಜ್ಞೆ ತಪ್ಪುತ್ತೆ. ಮಿದುಳಿಗೆ ರಕ್ತ ಇಲ್ಲದೆ ಕೈಕಾಲು ಅದುರಬಹುದು, ಅದಕ್ಕೇ ಫಿಟ್ಸ್ ಅನ್ನಿಸೋದು. ನೀವು ಕಂಡ ಆ ಮೀನಿನಂಥ ಉಸಿರು ಉಸಿರಲ್ಲ. ಹೃದಯ ನಿಂತ ಮೇಲೂ ಮೊದಲ ಕೆಲವು ನಿಮಿಷ ಹಾಗೆ ಬರುತ್ತೆ. ಜನ ಮೋಸ ಹೋಗೋದು ಅಲ್ಲೇ.

ಮಕ್ಕಳಿಗೆ ಇದು ಅಪರೂಪ. ಆದರೆ ಆಗುತ್ತೆ. ಹುಟ್ಟಿನಿಂದಲೇ ಹೃದಯದ ಮಾಂಸಖಂಡ ದಪ್ಪ ಇರೋರು, ಕರೆಂಟಿನ ದಾರಿಯಲ್ಲಿ ದೋಷ ಇರೋರು, ರಕ್ತನಾಳ ತಪ್ಪು ಜಾಗದಿಂದ ಹೊರಟಿರೋರು ಇರ್ತಾರೆ. ಹೊರಗಿನಿಂದ ನೋಡಿದರೆ ಗಟ್ಟಿಮುಟ್ಟು ಮಕ್ಕಳು. ಬಹಳ ಸಲ ಶಾಲೆಯ ಒಳ್ಳೆಯ ಆಟಗಾರರೇ ಆಗಿರ್ತಾರೆ.

ಎಇಡಿ ಕೆಲಸ ಮಾಡುತ್ತಾ ಅಂದ್ರಲ್ಲ, ಮಾಡುತ್ತೆ. ನಡುಗುವ ಹೃದಯಕ್ಕೆ ಮದ್ದು ಅಂದರೆ ಅದೊಂದೇ. ಎದೆ ಒತ್ತದೆ, ಶಾಕ್ ಕೊಡದೆ ಕಳೆದ ಒಂದೊಂದು ನಿಮಿಷಕ್ಕೂ ಬದುಕುವ ಅವಕಾಶ ಸುಮಾರು ಶೇಕಡ 7ರಿಂದ 10ರಷ್ಟು ಇಳಿಯುತ್ತೆ. ಹತ್ತು ನಿಮಿಷ ಆದಮೇಲೆ ನಮ್ಮ ಕೈಗೆ ಬಂದರೆ ನಮ್ಮ ಹತ್ತಿರ ಎಷ್ಟು ದೊಡ್ಡ ಮಿಷನ್ ಇದ್ದರೂ ಬಹಳ ಸಲ ಏನೂ ಮಾಡೋಕೆ ಆಗಲ್ಲ. ಇದನ್ನು ಬರೆಯುವಾಗ ಹೊಟ್ಟೆಯಲ್ಲಿ ಸಂಕಟ ಆಗುತ್ತೆ, ಆದರೂ ಬರೀಬೇಕು.

ಎಸ್‌ಡಿಎಂಸಿ ಸದಸ್ಯ, ಕೊಪ್ಪಳ

ಬೇಜಾರು ಮಾಡ್ಕೋಬೇಡಿ, ನನ್ನ ಅಭಿಪ್ರಾಯ ಬೇರೆ. ನಮ್ಮೂರ ಶಾಲೆಯಲ್ಲಿ ಹೆಣ್ಣುಮಕ್ಕಳ ಶೌಚಾಲಯಕ್ಕೆ ನೀರು ಬರೋದು ವಾರಕ್ಕೆ ಮೂರು ದಿನ. ಕೊಠಡಿಯ ಹೆಂಚು ಸೋರುತ್ತೆ. ಒಂದು ಲಕ್ಷ ಅಂದರೆ ನಮಗೆ ಎರಡು ವರ್ಷದ ಖರ್ಚು. ಅಪರೂಪ ಅಂತ ಸಿಸ್ಟರ್ ಅವರೇ ಹೇಳ್ತಿದ್ದಾರೆ. ದಿನಾ ಕಾಡುವ ತೊಂದರೆ ಬಿಟ್ಟು, ಯಾವತ್ತೋ ಬರಬಹುದಾದದ್ದಕ್ಕೆ ದುಡ್ಡು ಹಾಕೋದು ಹೇಗೆ? ಮೇಷ್ಟ್ರ ನೋವು ನನಗೆ ಅರ್ಥ ಆಗುತ್ತೆ. ನಮ್ಮ ಲೆಕ್ಕವನ್ನೂ ಹೇಳಬೇಕಲ್ವಾ.

ಹಳೇ ಫುಟ್‌ಬಾಲ್ ಆಟಗಾರ, ಬೆಂಗಳೂರು

ಕೊಪ್ಪಳದ ಅಣ್ಣಾವ್ರು ಹೇಳಿದ್ದು ಸುಳ್ಳಲ್ಲ. ಆದರೆ ಬೆಂಗಳೂರಿನಂಥ ಊರಲ್ಲೂ ಇದು ಇರಲಿಲ್ಲ ಅನ್ನೋದು ನಮ್ಮ ಫುಟ್‌ಬಾಲ್‌ನವರಿಗೆ ಚೆನ್ನಾಗಿ ಗೊತ್ತು.

2004ರ ಡಿಸೆಂಬರ್ 5. ಕಂಠೀರವದಲ್ಲಿ ಫೆಡರೇಷನ್ ಕಪ್ ಫೈನಲ್. ಗೋವಾದ ಡೆಂಪೊ ತಂಡಕ್ಕೆ ಬ್ರೆಜಿಲ್‌ನ ಕ್ರಿಸ್ಟಿಯಾನೊ ಜೂನಿಯರ್ ಆಡ್ತಿದ್ದ. ಮೋಹನ್ ಬಗಾನ್ ಮೇಲೆ ಎರಡು ಗೋಲು ಹೊಡೆದ. ಎರಡನೇ ಗೋಲು ಹೊಡೆಯುವಾಗ ಗೋಲ್‌ಕೀಪರ್‌ಗೆ ಡಿಕ್ಕಿಯಾಗಿ ಬಿದ್ದ. ನಾನು ಸ್ಟ್ಯಾಂಡ್‌ನಲ್ಲಿದ್ದೆ. ಗೋಲ್ ಆಯ್ತು ಅಂತ ಮೊದಲು ಎದ್ದು ನಿಂತು ಕೂಗಿದೆವು. ಅವನು ಏಳಲಿಲ್ಲ. ಜೊತೆ ಆಟಗಾರರು ಕೈ ಬೀಸಿ ಬೀಸಿ ಕರೀತಿದ್ದರು, ಆ ಕೈ ಬೀಸಿದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಅವನು ಹೋಗೇಬಿಟ್ಟ.

ಎಂಟು ವರ್ಷ ಕಳೀತು. 2012ರ ಮಾರ್ಚ್ 17, ಲಂಡನ್‌. ಬೋಲ್ಟನ್ ತಂಡದ ಫ್ಯಾಬ್ರಿಸ್ ಮುವಾಂಬಾ ಆಡ್ತಾ ಆಡ್ತಾ ಕುಸಿದ. ಪಂದ್ಯ ನೋಡೋಕೆ ಬಂದಿದ್ದ ಒಬ್ಬ ಹೃದಯದ ಡಾಕ್ಟರ್ ಗ್ಯಾಲರಿಯಿಂದ ಇಳಿದು ಓಡಿದರು. ಮೈದಾನದಲ್ಲೇ ಎದೆ ಒತ್ತಿದರು, ಶಾಕ್ ಕೊಟ್ಟರು. ಆಂಬುಲೆನ್ಸ್‌ನಲ್ಲೂ ಬಿಡಲಿಲ್ಲ, ಒಟ್ಟು 15 ಶಾಕ್. ಅವನ ಹೃದಯ ತಾನಾಗಿ ಬಡಿಯೋಕೆ 78 ನಿಮಿಷ ಹಿಡೀತು. ಬದುಕಿದ. ಆಡೋದನ್ನು ಬಿಡಬೇಕಾಯ್ತು, ಆದರೆ ಬದುಕಿದ್ದಾನೆ.

ಅದಾಗಿ ನಾಲ್ಕೇ ದಿನ. ಮಾರ್ಚ್ 21, ಬೆಂಗಳೂರು. ಎ ಡಿವಿಜನ್ ಪಂದ್ಯದಲ್ಲಿ ಬೆಂಗಳೂರು ಮಾರ್ಸ್ ತಂಡದ ಡಿ. ವೆಂಕಟೇಶ್ ಕುಸಿದುಬಿದ್ದ. 27 ವರ್ಷ. ಮೈದಾನದಲ್ಲಿ ಆಂಬುಲೆನ್ಸ್ ಇರಲಿಲ್ಲ. ಆಟೋದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಹೋದರು. ಉಳಿಯಲಿಲ್ಲ.

ಒಂದೇ ವಾರ, ಒಂದೇ ಆಟ. ಇಬ್ಬರ ಹೃದಯದ ತೊಂದರೆ ಒಂದೇ ಆಗಿತ್ತು ಅಂತ ನಾನು ಹೇಳ್ತಿಲ್ಲ, ನಾನು ಡಾಕ್ಟರಲ್ಲ. ಒಬ್ಬನ ಹತ್ತಿರ ಪೆಟ್ಟಿಗೆ ಬಂತು, ಇನ್ನೊಬ್ಬನ ಹತ್ತಿರ ಆಟೋ ಬಂತು. ಅಷ್ಟು ಮಾತ್ರ ಹೇಳ್ತಿದ್ದೀನಿ.

ಮೂರು ಮಕ್ಕಳ ಅಪ್ಪ

ಓದಿ ಕಣ್ಣು ತುಂಬಿಬಂತು. ಮೇಷ್ಟ್ರೇ, ತಗೊಳ್ಳಿ. ನನ್ನ ಮಗಳ ಶಾಲೆಯಲ್ಲಿ ಇದೆಯಾ ಅಂತ ನಾಳೆಯೇ ಕೇಳ್ತೀನಿ.

ಸೈತಾಮಾದಿಂದ ಧಾರವಾಡದ ಹುಡುಗಿ

ನಾನು ಜಪಾನ್‌ನಲ್ಲಿ ಒಂಬತ್ತು ವರ್ಷದಿಂದ ಇದ್ದೀನಿ. ನಮ್ಮ ಮಕ್ಕಳು ಇಲ್ಲಿನ ಮಾಮೂಲಿ ಶಾಲೆಗೇ ಹೋಗ್ತಾರೆ. ಶಾಲೆಯ ಬಾಗಿಲ ಹತ್ತಿರವೇ ಕಿತ್ತಳೆ ಬಣ್ಣದ ಎಇಡಿ ನೇತುಹಾಕಿದ್ದಾರೆ. ಇಲ್ಲಿ ಸಾಮಾನ್ಯ ಜನರೂ ಇದನ್ನು ಬಳಸಬಹುದು ಅಂತ 2004ರಲ್ಲಿ ಒಪ್ಪಿಗೆ ಕೊಟ್ಟರು. ಈಗ ಎಇಡಿ ಇಲ್ಲದ ಶಾಲೆ ಹುಡುಕಬೇಕು.

ಆದರೆ ಮೇಷ್ಟ್ರು ಬರೆದದ್ದು ಓದಿದಾಗ ನನಗೆ ನೆನಪಾದದ್ದು ಇದೇ ಸೈತಾಮಾದ ಕಥೆ. 2011ರ ಸೆಪ್ಟೆಂಬರ್. ಆರನೇ ತರಗತಿಯ 11 ವರ್ಷದ ಹುಡುಗಿ, ಓಟದ ಅಭ್ಯಾಸ ಮುಗಿಸಿದ ಕೂಡಲೇ ಬಿದ್ದಳು. ಶಾಲೆಯಲ್ಲಿ ಎಇಡಿ ಇತ್ತು. ಟೀಚರುಗಳಿಗೆ ತರಬೇತಿಯೂ ಆಗಿತ್ತು. ಆದರೂ ಯಾರೂ ಎಇಡಿ ತೆಗೆಯಲಿಲ್ಲ, ಎದೆ ಒತ್ತಲಿಲ್ಲ. ಯಾಕೆ ಗೊತ್ತಾ? ಉಸಿರಾಡ್ತಿದ್ದಾಳೆ ಅಂದುಕೊಂಡರು. ಅದೇ ಮೀನಿನ ಉಸಿರು, ಮೇಷ್ಟ್ರೇ. ಸ್ಟ್ರೆಚರ್ ಮೇಲೆ ಶಾಲೆಯ ಆರೋಗ್ಯ ಕೊಠಡಿಗೆ ಒಯ್ದರು. ಆಂಬುಲೆನ್ಸ್‌ನವರು ಬಂದು ನೋಡಿದಾಗ ಉಸಿರೂ ಇರಲಿಲ್ಲ, ನಾಡಿಯೂ ಇರಲಿಲ್ಲ. ಮರುದಿನ ಮಗು ತೀರಿಕೊಂಡಿತು.

ಆ ತಾಯಿ ಏನು ಮಾಡಿದರು ಅಂತ ನಾನು ಎಷ್ಟೋ ಸಲ ಯೋಚಿಸ್ತೀನಿ. ಮುಂದಿನ ವರ್ಷ ಸೈತಾಮಾ ನಗರದ ಶಿಕ್ಷಣ ಮಂಡಳಿಯ ಜೊತೆ ಸೇರಿ ಶಿಕ್ಷಕರಿಗೆ ಒಂದು ಕೈಪಿಡಿ ಮಾಡಿದರು. ಅದಕ್ಕೆ ಆ ಹುಡುಗಿಯ ಹೆಸರೇ ಇದೆ, ಆಸುಕಾ ಮಾಡೆಲ್ ಅಂತ. ಅದರಲ್ಲಿರುವ ಮುಖ್ಯ ಮಾತು ಸರಳ: ಉಸಿರು ಸರಿಯಾಗಿದೆಯೋ ಇಲ್ಲವೋ ಅಂತ ಅನುಮಾನ ಬಂದರೆ, ಇಲ್ಲ ಅಂತಲೇ ತಿಳಿದುಕೊಂಡು ಎದೆ ಒತ್ತಲು ಶುರು ಮಾಡಿ, ಎಇಡಿ ತರಿಸಿ. ತಪ್ಪಾದರೆ ಮಗು ಕೈ ತಳ್ಳುತ್ತೆ, ಕೊಸರಾಡುತ್ತೆ. ಆಗ ನಿಲ್ಲಿಸಿದರಾಯ್ತು.

ಅದಕ್ಕೇ ನನ್ನ ಮಾತು ಇಷ್ಟೇ. ಪೆಟ್ಟಿಗೆ ತಂದರೆ ಅರ್ಧ ಕೆಲಸ. ಆ ಉಸಿರನ್ನು ಗುರುತು ಹಿಡಿಯೋದು ಇನ್ನರ್ಧ. ಅದಕ್ಕೆ ದುಡ್ಡು ಬೇಕಾಗಿಲ್ಲ, ಕೊಪ್ಪಳದ ಶಾಲೆಯಲ್ಲೂ ಕಲಿಸಬಹುದು.

ಎಮರ್ಜೆನ್ಸಿ ಸಿಸ್ಟರ್, ಮೈಸೂರು

ಅಕ್ಕ, ನೀವು ಬರೆದದ್ದನ್ನು ನಮ್ಮ ಹೊಸ ಹುಡುಗಿಯರಿಗೆಲ್ಲ ಓದಿ ಹೇಳಿದೆ.

ಯಂತ್ರ ಇಲ್ಲದ ಶಾಲೆಯವರಿಗೂ ಇಲ್ಲೇ ಬರೆದುಬಿಡ್ತೀನಿ. ಮಗು ಬಿತ್ತು. ಭುಜ ತಟ್ಟಿ ಜೋರಾಗಿ ಕೂಗಿ. ಉತ್ತರ ಇಲ್ಲ, ಉಸಿರು ಮಾಮೂಲಿಯಾಗಿಲ್ಲ. ಒಬ್ಬರು 108ಕ್ಕೆ ಫೋನ್, ಇನ್ನೊಬ್ಬರು ಎಇಡಿಗೆ ಓಟ. ನೀವು ಮಗುವನ್ನು ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ, ಎದೆಯ ಮಧ್ಯೆ ಅಂಗೈ ಇಟ್ಟು, ಸುಮಾರು 5 ಸೆಂಟಿಮೀಟರ್ ಕೆಳಗೆ ಹೋಗುವ ಹಾಗೆ ಒತ್ತಿ. ನಿಮಿಷಕ್ಕೆ 100ರಿಂದ 120. ಪ್ರತಿ ಸಲ ಎದೆ ಪೂರ್ತಿ ಮೇಲೆ ಬರಲಿ. ಬಾಯಿಗೆ ಬಾಯಿಟ್ಟು ಉಸಿರು ಕೊಡಲು ಕಲಿತಿದ್ದರೆ 30 ಸಲ ಒತ್ತಿ 2 ಉಸಿರು. ಕಲಿತಿಲ್ಲದಿದ್ದರೆ ಬರೀ ಒತ್ತಿ. ಎರಡು ನಿಮಿಷಕ್ಕೆ ಕೈ ಸೋಲುತ್ತೆ, ಆಳು ಬದಲಾಯಿಸಿ. ನೀರು ಹಾಕಬೇಡಿ, ಕುಡಿಸಬೇಡಿ. ಎತ್ತಿಕೊಂಡು ಓಡಬೇಡಿ. ಎತ್ತಿಕೊಂಡು ಓಡಿದಷ್ಟು ಹೊತ್ತೂ ಎದೆ ಒತ್ತೋರು ಯಾರೂ ಇರಲ್ಲ.

ಆಸ್ಪತ್ರೆ ಮಿಷನ್ ರಿಪೇರಿಯವನು, ಹುಬ್ಬಳ್ಳಿ

ಯಾವುದು ತರಬೇಕು ಅಂತ ಕೇಳಿದ್ದೀರಿ. ನನ್ನ ಹೊಟ್ಟೆಪಾಡೇ ಇದು. ಕಂಪನಿ ಹೆಸರು ಹೇಳಲ್ಲ, ನೋಡಬೇಕಾದ್ದು ಹೇಳ್ತೀನಿ.

ಒಂದು ಒಳ್ಳೆಯ ಎಇಡಿ ಈಗ ಒಂದು ಲಕ್ಷದ ಆಸುಪಾಸಿನಲ್ಲಿ ಸಿಗುತ್ತೆ. ಜನ ಅಷ್ಟೇ ಲೆಕ್ಕ ಹಾಕ್ತಾರೆ. ಆಮೇಲಿನ ಖರ್ಚು ಮರೀತಾರೆ. ಎದೆಗೆ ಅಂಟಿಸುವ ಪ್ಯಾಡಿಗೆ ಎಕ್ಸ್‌ಪೈರಿ ಇರುತ್ತೆ, ಸಾಮಾನ್ಯವಾಗಿ ಎರಡು ವರ್ಷದ ಸುಮಾರು. ಅದರ ಅಂಟು ಒಣಗುತ್ತೆ. ಬ್ಯಾಟರಿ ಕೆಲವು ವರ್ಷಕ್ಕೊಮ್ಮೆ ಬದಲಾಯಿಸಬೇಕು. ಕೊಳ್ಳುವಾಗಲೇ ಪ್ಯಾಡ್‌ಗೆ ಎಷ್ಟು, ಬ್ಯಾಟರಿಗೆ ಎಷ್ಟು, ನಿಮ್ಮ ಜಿಲ್ಲೆಗೆ ಎಷ್ಟು ದಿನದಲ್ಲಿ ತಂದುಕೊಡ್ತೀರಿ ಅಂತ ಬರೆಸಿಕೊಳ್ಳಿ. ನಿಮ್ಮ ಒಂದೂವರೆ ಲಕ್ಷದಲ್ಲಿ ಉಳಿದದ್ದನ್ನು ಬ್ಯಾಂಕಿನಲ್ಲಿ ಅದಕ್ಕೇ ಅಂತ ಇಡಿ. ಒಂದು ಕಡೆ ಗೋಡೆ ಮೇಲೆ ಚೆಂದದ ಪೆಟ್ಟಿಗೆ ಇತ್ತು, ಉದ್ಘಾಟನೆಯ ಫೋಟೋ ಸಮೇತ. ತೆಗೆದು ನೋಡಿದರೆ ಪ್ಯಾಡಿನ ತಾರೀಖು ಮುಗಿದು ಮೂರು ವರ್ಷ ಆಗಿತ್ತು. ಆವತ್ತು ನನಗೆ ಊಟ ಸೇರಲಿಲ್ಲ.

ಪೆಟ್ಟಿಗೆಯ ಮೇಲೆ ಸಣ್ಣ ದೀಪ ಅಥವಾ ಗುರುತು ಇರುತ್ತೆ. ಯಂತ್ರ ತನ್ನನ್ನು ತಾನೇ ಪರೀಕ್ಷೆ ಮಾಡಿಕೊಂಡು ಸರಿ ಇದ್ದರೆ ಹಸಿರು ತೋರಿಸುತ್ತೆ. ಹಾಜರಿ ತೆಗೆದ ಹಾಗೆ ದಿನಾ ಒಬ್ಬರು ನೋಡಿ ಸಹಿ ಹಾಕಲಿ. ಬಿಸಿಲು ಬೀಳುವ ಗೋಡೆ ಬೇಡ. ಬಹಳಷ್ಟು ಯಂತ್ರಗಳು 50 ಡಿಗ್ರಿವರೆಗೆ ಮಾತ್ರ. ಬೇಸಿಗೆಯಲ್ಲಿ ನಿಲ್ಲಿಸಿದ ಕಾರಿನೊಳಗೆ ಅದನ್ನೂ ಮೀರುತ್ತೆ.

ಚಿಕ್ಕ ಮಕ್ಕಳಿಗೆ, ಅಂದರೆ 8 ವರ್ಷದೊಳಗೆ ಅಥವಾ 25 ಕೆಜಿಯೊಳಗೆ ಇದ್ದರೆ, ಕಡಿಮೆ ಶಾಕ್ ಕೊಡುವ ಮಕ್ಕಳ ಪ್ಯಾಡ್ ಅಥವಾ ಸ್ವಿಚ್ ಬರುತ್ತೆ. ಪಕ್ಕದಲ್ಲೇ ಪ್ರೈಮರಿ ಇದ್ದರೆ ಅದು ಇರೋದನ್ನೇ ತಗೊಳ್ಳಿ. ಯಂತ್ರ ಯಾವ ಭಾಷೆಯಲ್ಲಿ ಮಾತಾಡುತ್ತೆ ಅಂತ ಚಾಲೂ ಮಾಡಿಸಿ ಕೇಳಿ. ಗಾಬರಿಯಲ್ಲಿ ಇರೋರಿಗೆ ಇಂಗ್ಲಿಷ್ ತಲೆಗೆ ಹೋಗಲ್ಲ. ಕನ್ನಡ ಸಿಗದಿದ್ದರೆ ಅದು ಹೇಳುವ ನಾಲ್ಕೈದು ಮಾತನ್ನು ಕನ್ನಡದಲ್ಲಿ ಬರೆದು ಮುಚ್ಚಳದ ಒಳಗೆ ಅಂಟಿಸಿ.

ಹಾಸನದ ಅಮ್ಮ

ನನ್ನ ಮಗಳಿಗೆ 16. ಖೋಖೋ ಆಡ್ತಿದ್ದಳು. ಏಳನೇ ಕ್ಲಾಸಿನಲ್ಲಿ ಓಡ್ತಾ ಓಡ್ತಾ ಎರಡು ಸಲ ಕುಸಿದು ಬಿದ್ದಳು. ಎರಡೂ ಸಲ ಒಂದೇ ನಿಮಿಷದಲ್ಲಿ ಎದ್ದಳು. ನಿಶ್ಶಕ್ತಿ, ಬೆಳಿಗ್ಗೆ ಸರಿಯಾಗಿ ತಿಂದಿಲ್ಲ ಅಂತ ನಾವೇ ಬೈದೆವು. ಮೂರನೇ ಸಲ ಆದಾಗ ನಮ್ಮ ಮಾವ, "ನಿಮ್ಮ ತಮ್ಮನೂ ಹೀಗೇ ಕೆರೆಯಲ್ಲಿ ಈಜುವಾಗ ಹೋಗಿದ್ದಲ್ವಾ" ಅಂದರು. ಎದೆ ಧಸಕ್ಕೆಂದಿತು. ನನ್ನ ತಮ್ಮ ಒಳ್ಳೆಯ ಈಜುಗಾರ. ಅವನು ಹೇಗೆ ಮುಳುಗಿದ ಅಂತ ನಾವು ಯಾರೂ ಕೇಳಿಕೊಂಡಿರಲಿಲ್ಲ. ಇಸಿಜಿ ಮಾಡಿಸಿದೆವು. ಲಾಂಗ್ ಕ್ಯೂಟಿ ಅಂತ ಬಂತು. ಓಡುವಾಗ, ಈಜುವಾಗ, ಗಾಬರಿಯಾದಾಗ ಹೃದಯದ ತಾಳ ತಪ್ಪುವ ಕಾಯಿಲೆ. ಈಗ ದಿನಾ ಮಾತ್ರೆ ತಗೊಳ್ತಾಳೆ, ಚೆನ್ನಾಗಿದ್ದಾಳೆ.

2025ರಲ್ಲಿ ನಮ್ಮ ಜಿಲ್ಲೆಯ ಹಾರ್ಟ್ ಅಟ್ಯಾಕ್ ಸಾವುಗಳ ಸುದ್ದಿ ಟಿವಿಯಲ್ಲಿ ದಿನಾ ಬಂದಾಗ ಜನ ಹೆದರಿ ಮೈಸೂರಿನ ಜಯದೇವದ ಮುಂದೆ ಬೆಳಗಾಗೋ ಮುಂಚೆ ಕ್ಯೂ ನಿಂತರು. ಹೆದರಿ ಓಡೋದಕ್ಕಿಂತ ಮನೆಯಲ್ಲಿ ಕೂತು ಒಂದು ಪ್ರಶ್ನೆ ಕೇಳಿಕೊಳ್ಳಿ. ನಮ್ಮ ವಂಶದಲ್ಲಿ ಚಿಕ್ಕ ವಯಸ್ಸಿನಲ್ಲಿ ಯಾರಾದರೂ ಇದ್ದಕ್ಕಿದ್ದ ಹಾಗೆ ಹೋಗಿದ್ದಾರಾ? ಪ್ರಾರ್ಥನೆಯಲ್ಲಿ ಬಿಸಿಲಿಗೆ ನಿಂತು ತಲೆಸುತ್ತು ಬರೋದು ಬೇರೆ. ಓಡುವ ಕಾಲು ಓಡ್ತಾ ಇರುವಾಗಲೇ ಬೀಳೋದು ಬೇರೆ. ಮೇಷ್ಟ್ರುಗಳಿಗೆ ಕೈಮುಗಿದು ಕೇಳ್ಕೋತೀನಿ, ಹಾಗೆ ಬಿದ್ದ ಮಗುವನ್ನು ಡಾಕ್ಟರ್ ನೋಡುವವರೆಗೆ ಮತ್ತೆ ಓಡಿಸಬೇಡಿ.

ಎಸ್‌ಡಿಎಂಸಿ ಸದಸ್ಯ, ಕೊಪ್ಪಳ

ಅಮ್ಮಾ, ಹಾಗಾದರೆ ಎಲ್ಲ ಮಕ್ಕಳಿಗೂ ಇಸಿಜಿ ಮಾಡಿಸಿದರೆ ಯಂತ್ರವೇ ಬೇಡ ಅಲ್ವಾ?

ಎಮರ್ಜೆನ್ಸಿ ಸಿಸ್ಟರ್, ಮೈಸೂರು

ಒಳ್ಳೆಯ ಪ್ರಶ್ನೆ. ಇಟಲಿಯವರು ಅದನ್ನೇ ಮಾಡಿದರು. 1982ರಿಂದ ಸ್ಪರ್ಧೆಗೆ ಇಳಿಯುವ ಆಟಗಾರರಿಗೆಲ್ಲ ಇಸಿಜಿ ಸಮೇತ ತಪಾಸಣೆ ಕಡ್ಡಾಯ. ವೆನೆಟೊ ಪ್ರಾಂತ್ಯದ ಲೆಕ್ಕ 2006ರಲ್ಲಿ ಪ್ರಕಟವಾಯ್ತು. ಆಟಗಾರರ ಹಠಾತ್ ಸಾವು ಶೇಕಡ 89ರಷ್ಟು ಇಳಿದಿತ್ತು. ಬೇರೆ ದೇಶಗಳ ಡಾಕ್ಟರುಗಳು ಅದರ ಬಗ್ಗೆ ಇನ್ನೂ ವಾದ ಮಾಡ್ತಾರೆ. ಯಾಕಂದರೆ ಕೆಲವು ದೋಷ ಇಸಿಜಿಯಲ್ಲಿ ಕಾಣಲ್ಲ, ಏನೂ ಇಲ್ಲದ ಮಗುವಿಗೂ ಅನುಮಾನ ಅಂತ ಬರುತ್ತೆ. ಅದೇ ಇಟಲಿಯಲ್ಲಿ 2012ರ ಏಪ್ರಿಲ್‌ನಲ್ಲಿ ಪಿಯೆರ್ಮಾರಿಯೊ ಮೊರೊಸಿನಿ ಅನ್ನುವ 25 ವರ್ಷದ ಫುಟ್‌ಬಾಲ್ ಆಟಗಾರ ಮೈದಾನದಲ್ಲೇ ಕುಸಿದು ಸತ್ತ. ಆಮೇಲೆ ಹವ್ಯಾಸಿ ಕ್ಲಬ್ಬುಗಳಿಗೂ ಎಇಡಿ ಇರಲೇಬೇಕು ಅಂತ ನಿಯಮ ತಂದರು. ಮೂವತ್ತು ವರ್ಷ ಜರಡಿ ಹಿಡಿದ ದೇಶಕ್ಕೂ ಕೊನೆಗೆ ಪೆಟ್ಟಿಗೆ ಬೇಕಾಯ್ತು.

ಕ್ರಿಕೆಟ್ ಕೋಚ್, ಶಿವಮೊಗ್ಗ

ಹೃದಯ ಪೂರ್ತಿ ಸರಿ ಇರೋ ಮಗುವಿಗೂ ಆಗುತ್ತೆ ಅನ್ನೋದನ್ನು ಯಾರೂ ಹೇಳಲಿಲ್ಲ. ಎದೆಗೆ ಚೆಂಡು ಬಡಿದು. ಹೊಡೆತ ಜೋರಾಗಿ ಇರಬೇಕಂತಲೂ ಇಲ್ಲ. ಎರಡು ಬಡಿತದ ನಡುವೆ ಕಣ್ಣು ಮಿಟುಕಿಸುವುದಕ್ಕಿಂತ ಸಣ್ಣದೊಂದು ಹೊತ್ತು ಇರುತ್ತಂತೆ, ಹೊಡೆತ ಸರಿಯಾಗಿ ಆಗ ಬಿದ್ದರೆ ತಾಳ ತಪ್ಪುತ್ತೆ. ಹದಿವಯಸ್ಸಿನ ಹುಡುಗರಲ್ಲೇ ಜಾಸ್ತಿ, ಎದೆಗೂಡು ಇನ್ನೂ ಮೆತ್ತಗಿರುತ್ತೆ. 2023ರ ಜನವರಿಯಲ್ಲಿ ಅಮೆರಿಕನ್ ಫುಟ್‌ಬಾಲ್ ಆಟಗಾರ ಡಮಾರ್ ಹ್ಯಾಮ್ಲಿನ್‌ಗೆ ಹೀಗೇ ಆಯ್ತು, ಚೆಂಡಲ್ಲ, ಎದುರಾಳಿ ಎದೆಗೆ ಡಿಕ್ಕಿ ಹೊಡೆದು. ಮೈದಾನದಲ್ಲೇ ಎದೆ ಒತ್ತಿ ಶಾಕ್ ಕೊಟ್ಟರು. ಅದೇ ವರ್ಷ ಮತ್ತೆ ಆಟಕ್ಕೆ ಇಳಿದ. ಇಸಿಜಿ ಇದನ್ನು ಮೊದಲೇ ಹೇಳೋಕೆ ಸಾಧ್ಯವೇ ಇಲ್ಲ. ಲೆದರ್ ಬಾಲ್ ಆಡಿಸುವ ಎಲ್ಲ ಕೋಚ್‌ಗಳೂ ಇದನ್ನು ತಿಳ್ಕೋಬೇಕು.

108ರ ಇಎಂಟಿ

ನಮ್ಮ ಆಂಬುಲೆನ್ಸ್‌ನವರ ಕಡೆಯಿಂದ ಎರಡು ಮಾತು. ಹಳ್ಳಿ ಶಾಲೆಗೆ ನಾವು ಎಷ್ಟೇ ಜೋರಾಗಿ ಬಂದರೂ ಐದು ನಿಮಿಷದಲ್ಲಿ ಬರೋಕೆ ಆಗಲ್ಲ. ಇದನ್ನು ಹೇಳೋಕೆ ನನಗೆ ಕಷ್ಟ, ಆದರೆ ಮಕ್ಕಳ ವಿಷಯದಲ್ಲಿ ಸುಳ್ಳು ಹೇಳಬಾರದು. ನಾವು ಬರುವವರೆಗೆ ಆ ಮಗು ನಿಮ್ಮ ಕೈಯಲ್ಲಿದೆ. ಫೋನ್ ಮಾಡಿದಾಗ "ಪ್ರಜ್ಞೆ ಇಲ್ಲ, ಉಸಿರಿಲ್ಲ" ಅಂತ ಮೊದಲೇ ಹೇಳಿ. "ಹುಡುಗ ಬಿದ್ದಿದ್ದಾನೆ" ಅಂದರೆ ಕೈಕಾಲು ಮುರಿದದ್ದು ಅನ್ನಿಸಬಹುದು. ಫೋನ್ ಸ್ಪೀಕರ್‌ಗೆ ಹಾಕಿ ಪಕ್ಕದಲ್ಲಿಡಿ. ಇಬ್ಬರು ದೊಡ್ಡ ಹುಡುಗರನ್ನು ಮುಖ್ಯರಸ್ತೆಯ ತಿರುವಿಗೆ ಕಳಿಸಿ. ಮೈದಾನದ ಗೇಟ್ ತೆಗೆಸಿ. ಒಂದು ಸಲ ಗೇಟಿಗೆ ಬೀಗ ಹಾಕಿತ್ತು, ವಾಚ್‌ಮನ್ ಟೀ ಕುಡಿಯೋಕೆ ಹೋಗಿದ್ದ. ಸ್ಟ್ರೆಚರ್ ಕಾಂಪೌಂಡ್ ಮೇಲಿಂದ ದಾಟಿಸಿದೆವು.

ಸೈನ್ಸ್ ಟೀಚರ್, ಉಡುಪಿ ಕಡೆ

ಯಾರೂ ಕೇಳದ ಪ್ರಶ್ನೆಯನ್ನು ನಾನೇ ಕೇಳ್ತೇನೆ. ಬಿದ್ದದ್ದು ಹೆಣ್ಣುಮಗು ಆದರೆ? ಪ್ಯಾಡ್ ಬರೀ ಮೈಗೆ ಅಂಟಿಸಬೇಕು. ಒಂದು ಮುಂದುಗಡೆ ಬಲ ಕೊರಳೆಲುಬಿನ (ಕಾಲರ್ ಬೋನ್) ಕೆಳಗೆ, ಇನ್ನೊಂದು ಎಡ ಕಂಕುಳ ಕೆಳಗೆ ಪಕ್ಕೆಯಲ್ಲಿ. ಗಂಡು ಮೇಷ್ಟ್ರುಗಳು ಹಿಂಜರಿಯುತ್ತಾರೆ. ಜನ ಏನಂದುಕೊಳ್ತಾರೋ ಅಂತ. ಆ ಹಿಂಜರಿಕೆಯಲ್ಲಿ ಎರಡು ನಿಮಿಷ ಹೋದರೆ?

ನಾವು ನಮ್ಮ ಶಾಲೆಯಲ್ಲಿ ಹೀಗೆ ಮಾಡಿಕೊಂಡಿದ್ದೇವೆ. ಎಇಡಿ ಜೊತೆ ಒಂದು ದೊಡ್ಡ ಶಾಲು, ಒಂದು ಕತ್ತರಿ, ಒಂದು ಟವೆಲ್ ಇಟ್ಟಿದ್ದೇವೆ. ದೊಡ್ಡ ಹುಡುಗಿಯರು ಎಂಟು ಜನ ಬೆನ್ನು ಒಳಗೆ ಮಾಡಿ, ಮುಖ ಹೊರಗೆ ಮಾಡಿ ಸುತ್ತ ನಿಲ್ಲಬೇಕು. ಒಳಗೆ ಯಾರು ಕೈ ಹಾಕಿದರೂ ಅದು ಜೀವ ಉಳಿಸುವ ಕೈ. ಎಲ್ಲ ಬಟ್ಟೆ ತೆಗೆಯಬೇಕಾಗಿಲ್ಲ, ಪ್ಯಾಡ್ ಕೂರುವಷ್ಟು ಜಾಗ ಸಾಕು. ಅಂಟಿಸಿದ ಮೇಲೆ ಶಾಲು ಹೊದಿಸಬಹುದು. ಪೋಷಕರ ಸಭೆಯಲ್ಲಿ ಇದನ್ನು ಮೊದಲೇ ಹೇಳಿದೆವು. ಒಬ್ಬ ತಾಯಿಯೂ ಬೇಡ ಅನ್ನಲಿಲ್ಲ. ನಮ್ಮಲ್ಲಿ ಮಳೆಗಾಲ ಜಾಸ್ತಿ ಅಲ್ವಾ, ಟವೆಲ್ ಅದಕ್ಕೆ. ನೀರು ನಿಂತ ಜಾಗದಿಂದ ಈಚೆ ಎಳೆದು, ಎದೆ ಒರೆಸಿ ಅಂಟಿಸಬೇಕು.

ವಕೀಲರು, ಕಲಬುರಗಿ

ಕೇಸ್ ಭಯಕ್ಕೆ ಚಿಕ್ಕ ಉತ್ತರ. ಒಪ್ಪಿಗೆ ಕೇಳಲು ಆಗದ ಸ್ಥಿತಿಯಲ್ಲಿ ಇರುವವರ ಒಳಿತಿಗಾಗಿ, ಒಳ್ಳೆಯ ಮನಸ್ಸಿನಿಂದ ಮಾಡಿದ ಕೆಲಸಕ್ಕೆ ಭಾರತೀಯ ನ್ಯಾಯ ಸಂಹಿತೆಯ 30ನೇ ಕಲಂ ರಕ್ಷಣೆ ಕೊಡುತ್ತದೆ. ಹಳೆಯ ಐಪಿಸಿಯಲ್ಲಿ ಇದೇ 92 ಆಗಿತ್ತು. ಭಯಪಡದೆ ಒತ್ತಿ.

ಆಸ್ಪತ್ರೆ ಮಿಷನ್ ರಿಪೇರಿಯವನು, ಹುಬ್ಬಳ್ಳಿ

ಇನ್ನೊಂದು ಸೇರಿಸ್ತೀನಿ. ತಪ್ಪಾಗಿ ಶಾಕ್ ಕೊಟ್ಟುಬಿಡ್ತೀವೇನೋ ಅನ್ನೋ ಭಯ ಬೇಡ. ಹೃದಯ ಸರಿಯಾಗಿ ಬಡೀತಿದ್ದರೆ ಯಂತ್ರವೇ ಶಾಕ್ ಬೇಡ ಅಂತ ಹೇಳುತ್ತೆ, ಬಟನ್ ಒತ್ತಿದರೂ ಕೊಡಲ್ಲ. ಶಾಕ್ ಬೇಡ ಅಂದಿತು ಅಂತ ಎದೆ ಒತ್ತೋದು ಮಾತ್ರ ನಿಲ್ಲಿಸಬೇಡಿ. ಎದ್ದು ಉಸಿರಾಡುವವರೆಗೆ, ಇಲ್ಲವೇ 108 ಬರುವವರೆಗೆ ಒತ್ತುತ್ತಲೇ ಇರಿ.

ಪಿಟಿ ಮೇಷ್ಟ್ರು, ತುಮಕೂರು ಕಡೆ

ಐದು ವಾರ ಆಯ್ತು. ಎಲ್ಲರಿಗೂ ವರದಿ ಒಪ್ಪಿಸ್ತಿದ್ದೀನಿ.

ನಿಮ್ಮ ಉತ್ತರಗಳನ್ನೆಲ್ಲ ಪ್ರಿಂಟ್ ಹಾಕಿಸಿ ಸಭೆಯಲ್ಲಿ ಓದಿದೆ. ಈ ಸಲ ಕೀಲಿಯ ವಿಷಯವನ್ನೂ ಹೇಳಿದೆ. ಸ್ಮಾರ್ಟ್ ಬೋರ್ಡ್ ಅಂದವರೇ ಮೊದಲು ಕೈ ಎತ್ತಿದರು. ಯಂತ್ರ ಬಂತು. ಹೆಚ್ಚುವರಿ ಪ್ಯಾಡ್ ಒಂದು ಜೊತೆ ತಗೊಂಡೆವು. ಉಳಿದ ದುಡ್ಡು ಪ್ಯಾಡು, ಬ್ಯಾಟರಿಗೆ ಅಂತ ಠೇವಣಿ ಇಟ್ಟಿದ್ದೇವೆ.

ಎಲ್ಲಿಡೋದು ಅನ್ನೋದಕ್ಕೇ ಜಾಸ್ತಿ ಮಾತಾಯ್ತು. ಬೆಲೆಬಾಳುವ ವಸ್ತು, ಕಳ್ಳತನ ಆದರೆ ಯಾರು ಜವಾಬ್ದಾರಿ ಅಂತ ನಮ್ಮ ಹೆಡ್‌ಮಾಸ್ಟರಿಗೆ ಚಿಂತೆ. ಆಫೀಸಿನ ಬೀರುವಿನಲ್ಲಿ ಇಡೋಣ ಅಂದರು. ನಾನು ವಾದ ಮಾಡಲಿಲ್ಲ. "ಸರ್, ಒಂದು ಸಲ ಅಭ್ಯಾಸ ಮಾಡಿ ನೋಡೋಣ" ಅಂದೆ. ಬೀರುವಿನಲ್ಲಿಟ್ಟು ಬೀಗ ಹಾಕಿದರು. ಮೈದಾನದ ಆಚೆ ತುದಿಯಲ್ಲಿ ಒಬ್ಬ ಹುಡುಗನನ್ನು ಮಲಗಿಸಿದೆ. ಸ್ಟಾಪ್‌ವಾಚ್ ಒತ್ತಿದೆ. ಒಂಬತ್ತನೇ ಕ್ಲಾಸಿನ ಹುಡುಗಿ ಓಡಿದಳು, ತಾಲ್ಲೂಕಿನಲ್ಲಿ 400 ಮೀಟರ್ ಗೆದ್ದವಳು. ಆಫೀಸಿಗೆ ಹೋದಳು. ಕೀಲಿ ಗುಮಾಸ್ತರ ಹತ್ತಿರ ಇತ್ತು. ಗುಮಾಸ್ತರು ಬಿಸಿಯೂಟದ ಕೋಣೆಯಲ್ಲಿದ್ದರು. ಪೆಟ್ಟಿಗೆ ಬರುವಷ್ಟರಲ್ಲಿ 6 ನಿಮಿಷ 20 ಸೆಕೆಂಡ್. ಹೆಡ್‌ಮಾಸ್ಟರ್ ವಾಚ್ ನೋಡಿದರು, ಮಲಗಿದ್ದ ಹುಡುಗನನ್ನು ನೋಡಿದರು. ಏನೂ ಮಾತಾಡಲಿಲ್ಲ. ಮಾರನೇ ದಿನ ಅವರೇ ಬಡಗಿಯನ್ನು ಕರೆಸಿ, ವೆರಾಂಡದ ಕಂಬದ ಪಕ್ಕ, ಬಿಸಿಲು ಬೀಳದ ಗೋಡೆಗೆ ಗಾಜಿನ ಬಾಗಿಲಿನ ಗೂಡು ಮಾಡಿಸಿದರು. ಅದಕ್ಕೆ ಬೀಗ ಇಲ್ಲ. ಅದೇ ಹುಡುಗಿ ಮತ್ತೆ ಓಡಿದಳು. 1 ನಿಮಿಷ 35.

ಎದೆ ಒತ್ತೋದನ್ನು ಎಂಟರಿಂದ ಹತ್ತನೇ ಕ್ಲಾಸಿನವರಿಗೆಲ್ಲ ಕಲಿಸ್ತಿದ್ದೀವಿ. ತಾಲ್ಲೂಕು ಆಸ್ಪತ್ರೆಯಿಂದ ಒಬ್ಬ ಸಿಸ್ಟರ್ ಗೊಂಬೆ ತಂದು ಎರಡು ಶನಿವಾರ ಬಂದರು. ಸೈತಾಮಾದ ತಂಗಿ ಹೇಳಿದ ಆ ಉಸಿರನ್ನು ಅವರು ತಾವೇ ನೆಲದ ಮೇಲೆ ಮಲಗಿ ಮಾಡಿ ತೋರಿಸಿದರು. ಮಕ್ಕಳು ಮೊದಲು ನಕ್ಕರು, ಆಮೇಲೆ ಸುಮ್ಮನಾದರು. ನಾನು ಸ್ವಲ್ಪ ಹೊತ್ತು ಹೊರಗೆ ಹೋಗಿ ನಿಂತಿದ್ದೆ.

ಎಸ್‌ಡಿಎಂಸಿ ಸದಸ್ಯ, ಕೊಪ್ಪಳ

ಮೇಷ್ಟ್ರೇ, ನಮಗೆ ಈ ವರ್ಷ ಯಂತ್ರ ಆಗಲ್ಲ, ಮೊದಲು ಹೆಂಚು. ಆದರೆ ಎದೆ ಒತ್ತೋದನ್ನು ಕಲಿಸಲು ನಮ್ಮ ಪಿಎಚ್‌ಸಿಯವರನ್ನು ಕೇಳಿದ್ದೀನಿ, ಬರ್ತೀವಿ ಅಂದಿದ್ದಾರೆ. ಒಂದು ಯೋಚನೆ ಬಂತು. ಕ್ರೀಡಾಕೂಟದ ದಿನ ಹತ್ತಾರು ಶಾಲೆಯ ಮಕ್ಕಳು ಒಂದೇ ಮೈದಾನಕ್ಕೆ ಬರ್ತಾರಲ್ಲ. ಹೋಬಳಿಯಲ್ಲಿ ಯಾರ ಹತ್ತಿರ ಇದೆಯೋ ಅವರು ಆವತ್ತು ಅಲ್ಲಿಗೆ ತರೋ ಹಾಗೆ ಮಾಡಿದರೆ ಹೇಗೆ? ನಿಮ್ಮ ಕಡೆ ಹಾಗೆ ಮಾಡ್ತೀರಾ?

ಪಿಟಿ ಮೇಷ್ಟ್ರು, ತುಮಕೂರು ಕಡೆ

ಮಾಡ್ತೀವಿ ಅಣ್ಣ. ನಮ್ಮ ಹೋಬಳಿ ಕೂಟ ಮುಂದಿನ ತಿಂಗಳು. ಹತ್ತು ವರ್ಷದ ಹಿಂದಿನ ಅದೇ ಮೈದಾನ. ನಿನ್ನೆ ಸುಣ್ಣ ಹಾಕೋಕೆ ಅಳತೆ ತೆಗೆದು ಬಂದೆ. ಕೊನೆಯ ತಿರುವಿನ ಪಕ್ಕದಲ್ಲಿ ಒಂದು ಹೊಂಗೆ ಮರ ಇದೆ. ಅದರ ನೆರಳಲ್ಲಿ ಟೇಬಲ್ ಹಾಕಿ ಪೆಟ್ಟಿಗೆ ಅಲ್ಲಿಡೋದು ಅಂತ ಮಾತಾಗಿದೆ. ಎರಡು ಶಾಲೆಯ ಎಂಟು ಮಕ್ಕಳು ಸರದಿ ಪ್ರಕಾರ ಅಲ್ಲಿ ಕೂರ್ತಾರೆ.